ದಿಲ್ಲಿಯ ಒಂದೂವರೆ ಲಕ್ಷ ನಮ್ಮ ಬೀದಿಗೆ ಬರುವ ದಾರಿ

ಪ್ರಶ್ನೆ: ಸರ್, ನಮ್ಮದು ಬೆಂಗಳೂರಿನ ಪಶ್ಚಿಮ ಭಾಗದ ಒಂದು ಸ್ಲಂ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮನೆ ಕಟ್ಟಿಕೊಡುತ್ತೇವೆ ಅಂತ ನಮ್ಮ ಶೀಟ್ ಮನೆಗಳನ್ನು ಕೆಡವಿ ನಾಲ್ಕು ವರ್ಷ ಆಯಿತು. ಪಿಲ್ಲರ್ ಎದ್ದು, ಒಂದು ಮೋಲ್ಡ್ ಹಾಕಿ, ಅಲ್ಲಿಗೆ ನಿಂತಿದೆ. ವಂತಿಗೆ ಅಂತ ಅರವತ್ತು ಸಾವಿರಕ್ಕೆ ಡಿಡಿ ಕೊಟ್ಟಿದ್ದೇನೆ. ಈಗ ತಿಂಗಳಿಗೆ ಆರು ಸಾವಿರ ಬಾಡಿಗೆ ಕಟ್ಟಿಕೊಂಡು ಇನ್ನೊಂದು ಕಡೆ ಇದ್ದೇವೆ. ಕೇಳಿದರೆ ಒಬ್ಬರು ಕೇಂದ್ರ ದುಡ್ಡು ಕೊಟ್ಟಾಗಿದೆ ಅಂತಾರೆ, ಇನ್ನೊಬ್ಬರು ಬಂದೇ ಇಲ್ಲ ಅಂತಾರೆ. ನಿಜಕ್ಕೂ ಈ ದುಡ್ಡು ಯಾರು ಕೊಡುತ್ತಾರೆ? ಎಲ್ಲಿ ನಿಲ್ಲುತ್ತದೆ? ಕೇಂದ್ರ ನೇರವಾಗಿ ಪಾಲಿಕೆಗೇ ಯಾಕೆ ಕೊಡುವುದಿಲ್ಲ? ನಮ್ಮ ಅಕ್ಕನ ಮಗ ಲಂಡನ್ನಿನಲ್ಲಿದ್ದಾನೆ. ಅಲ್ಲಿ ಪಾಲಿಕೆಯೇ ಸಾಲ ತಂದು ಮನೆ ಕಟ್ಟಿ ಬಾಡಿಗೆಗೆ ಕೊಡುತ್ತದಂತೆ. ನಮ್ಮಲ್ಲಿ ಯಾಕೆ ಹಾಗಿಲ್ಲ?

ಉತ್ತರ: ಅಮ್ಮಾ, ನಿಮಗೆ ಉತ್ತರ ಕೊಟ್ಟ ಇಬ್ಬರೂ ಸುಳ್ಳು ಹೇಳಿರಲಿಕ್ಕಿಲ್ಲ. ಕೇಂದ್ರದ ಮೊದಲ ಕಂತು ಬಂದಿರುತ್ತದೆ, ಎರಡನೆಯದು ಬಂದಿರುವುದಿಲ್ಲ. ಒಬ್ಬರು ಮೊದಲನೆಯದನ್ನು ಲೆಕ್ಕಕ್ಕೆ ಹಿಡಿದು ಮಾತಾಡುತ್ತಾರೆ, ಇನ್ನೊಬ್ಬರು ಎರಡನೆಯದನ್ನು. ಅಷ್ಟರಲ್ಲಿ ನಿಮ್ಮ ಪಿಲ್ಲರಿನ ಕಂಬಿಗೆ ತುಕ್ಕು ಹಿಡಿಯುತ್ತದೆ.

ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಒಂದು ವಸತಿ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೂತವನು. ಮನೆಗಳು ಯಾವ ಹಂತದಲ್ಲಿ ನಿಲ್ಲುತ್ತವೆ, ಯಾಕೆ ನಿಲ್ಲುತ್ತವೆ ಅಂತ ಫೈಲಿನಲ್ಲಿ ನೋಡಿ ನೋಡಿ ಒಂದು ವಿಷಯ ಗೊತ್ತಾಗಿದೆ. ಕೇಂದ್ರ ಕೊಡುವುದು ಮನೆಗೆ ಇಷ್ಟು ಅಂತ ಒಂದು ಗಟ್ಟಿ ಮೊತ್ತ. ಮನೆಯ ಖರ್ಚು ಮಾತ್ರ ಹಾಗೆ ಗಟ್ಟಿಯಾಗಿ ನಿಲ್ಲುವುದಿಲ್ಲ. ನಡುವಿನ ವ್ಯತ್ಯಾಸವನ್ನು ಯಾರು ತುಂಬಬೇಕು ಅನ್ನುವ ಕಡೆ ಕಟ್ಟಡ ನಿಲ್ಲುತ್ತದೆ. ಅದು ಹೇಗೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು ಪಾಲಿಕೆಯ ಪ್ರಶ್ನೆ ಮುಗಿಸೋಣ. ಸಂವಿಧಾನದಲ್ಲಿ ಭೂಮಿಯೂ ಸ್ಥಳೀಯ ಸಂಸ್ಥೆಗಳೂ ರಾಜ್ಯದ ಪಟ್ಟಿಯಲ್ಲಿವೆ. ಹಾಗಾಗಿ ವಸತಿ ರಾಜ್ಯದ ಕೆಲಸ. ಕೇಂದ್ರ ಯೋಜನೆ ಮಾಡಿ ದುಡ್ಡು ಕೊಡಬಹುದು, ಆದರೆ ಅದು ಬರುವುದು ರಾಜ್ಯದ ಖಜಾನೆಗೆ. 1992ರ 74ನೇ ತಿದ್ದುಪಡಿ ನಗರ ಸ್ಥಳೀಯ ಸಂಸ್ಥೆಗಳಿಗೆ 18 ಕೆಲಸಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಕೊಳಗೇರಿ ಸುಧಾರಣೆ ಇದೆ, ನಗರ ಬಡತನ ನಿವಾರಣೆ ಇದೆ. ‘ವಸತಿ’ ಅನ್ನುವ ಬಾಬ್ತು ಇಲ್ಲ. ಹಳ್ಳಿಗಳ ಪಟ್ಟಿಯಲ್ಲಿ ಮಾತ್ರ ‘ಗ್ರಾಮೀಣ ವಸತಿ’ ಅಂತ ಸ್ಪಷ್ಟವಾಗಿದೆ. ಪಂಚಾಯಿತಿಗೆ ಹೇಳಿದ್ದನ್ನು ಪಾಲಿಕೆಗೆ ಹೇಳಲಿಲ್ಲ. ಇದು ಮರೆವೋ ಬೇಕಂತಲೇ ಮಾಡಿದ್ದೋ, ದೇವರಿಗೇ ಗೊತ್ತು.

ಅದಕ್ಕೂ ಮುಂಚೆಯೇ ನಮ್ಮ ರಾಜ್ಯದಲ್ಲಿ ಬೇರೆ ಏರ್ಪಾಡು ಆಗಿತ್ತು. 1973ರಲ್ಲಿ ಕರ್ನಾಟಕ ಕೊಳಗೇರಿ ಕಾಯ್ದೆ ಬಂತು. ಅದರ ಬೆನ್ನಿಗೆ ಕೊಳಗೇರಿ ನಿರ್ಮೂಲನ ಮಂಡಳಿ ಬಂತು. ಈಗ ಅದು ಕೊಳಗೇರಿ ಅಭಿವೃದ್ಧಿ ಮಂಡಳಿ, ಜನರ ಬಾಯಲ್ಲಿ ಸ್ಲಂ ಬೋರ್ಡ್. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಶುರುವಾಯಿತು. ಹೆಸರು ಗ್ರಾಮೀಣ ಅಂತ ಇದ್ದರೂ ಬೆಂಗಳೂರಿನ ಬಹುಮಹಡಿ ಮನೆಗಳೂ ಅದರ ಕೈಗೇ ಹೋದವು. ಇವೆಲ್ಲ ರಾಜ್ಯ ಸರ್ಕಾರದ ಸಂಸ್ಥೆಗಳು. ಹೀಗಾಗಿ ನಿಮ್ಮ ಬೀದಿಯ ಚರಂಡಿ ಪಾಲಿಕೆಯದು, ಅದೇ ಬೀದಿಯಲ್ಲಿ ಏಳುತ್ತಿರುವ ಮನೆ ಮಾತ್ರ ರಾಜ್ಯದ ಸಂಸ್ಥೆಯದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಮನೆಯ ದುಡ್ಡಿನ ದಾರಿ ಅದರಿಂದ ಬದಲಾಗಲಿಲ್ಲ.

ಪಾಲಿಕೆಗೆ ಕೇಂದ್ರದ ದುಡ್ಡು ಬರುವುದೇ ಇಲ್ಲ ಅಂತಲ್ಲ. ಹಣಕಾಸು ಆಯೋಗದ ಅನುದಾನ ಬರುತ್ತದೆ. ಆದರೆ 15ನೇ ಹಣಕಾಸು ಆಯೋಗ ಹತ್ತು ಲಕ್ಷಕ್ಕಿಂತ ದೊಡ್ಡ ನಗರಗಳ ಅನುದಾನವನ್ನು ಗಾಳಿಯ ಗುಣಮಟ್ಟ, ಕುಡಿಯುವ ನೀರು, ಒಳಚರಂಡಿ, ಕಸ ಇವಕ್ಕೆ ಕಟ್ಟಿಹಾಕಿತು. ಆ ದುಡ್ಡಿನಲ್ಲಿ ಮನೆ ಕಟ್ಟುವ ಹಾಗಿರಲಿಲ್ಲ. ಪಾಲಿಕೆ ತನ್ನ ಸ್ವಂತ ಬಜೆಟ್ಟಿನ ಕಲ್ಯಾಣ ನಿಧಿಯಿಂದ ಒಂಟಿ ಮನೆಗೆ ಸಹಾಯಧನ ಕೊಡುವುದುಂಟು. ಅದು ಸ್ವಂತ ಜಾಗ, ಕಾಗದಪತ್ರ ಇರುವವರಿಗೆ. ನಿಮ್ಮಂಥವರಿಗೆ ಅಲ್ಲಿ ಬಾಗಿಲಿಲ್ಲ.

ಈಗ ಅಸಲು ಲೆಕ್ಕಕ್ಕೆ ಬರೋಣ.

ಹಿಂದೆ ಕೇಂದ್ರ ಶೇಕಡಾ ಲೆಕ್ಕದಲ್ಲಿ ಕೊಡುತ್ತಿತ್ತು. 2005ರ ಡಿಸೆಂಬರ್‌ನಲ್ಲಿ ಶುರುವಾದ ಜೆನರ್ಮ್, ಅಂದರೆ ನೆಹರೂ ಹೆಸರಿನ ನಗರ ನವೀಕರಣ ಯೋಜನೆ, ನೆನಪಿದೆಯಾ? ಬಸ್ಸುಗಳು ಮೈಮೇಲೆ ಆ ಹೆಸರು ಬರೆದುಕೊಂಡು ಓಡಾಡುತ್ತಿದ್ದವಲ್ಲ, ಅದೇ. ಅದರಲ್ಲಿ ನಗರ ಬಡವರಿಗೆ ಮೂಲ ಸೌಲಭ್ಯ ಅಂತ ಒಂದು ಭಾಗ ಇತ್ತು, ಬಿಎಸ್‌ಯುಪಿ. ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು ಎರಡು ನಗರಗಳು ಆ ಪಟ್ಟಿಯಲ್ಲಿದ್ದವು. ಬೆಂಗಳೂರಿನಂಥ ದೊಡ್ಡ ನಗರಕ್ಕೆ ಒಪ್ಪಿಗೆಯಾದ ಯೋಜನಾ ವೆಚ್ಚದ ಅರ್ಧದಷ್ಟನ್ನು ಕೇಂದ್ರ ಕೊಡುತ್ತಿತ್ತು. ಮನೆಗೆ ಮಾತ್ರವಲ್ಲ, ರಸ್ತೆ, ನೀರು, ಒಳಚರಂಡಿ ಸೇರಿ. ಫಲಾನುಭವಿ ಶೇ 12 ಹಾಕಬೇಕು. ಪರಿಶಿಷ್ಟರು, ಹಿಂದುಳಿದವರು, ಅಂಗವಿಕಲರಿಗೆ ಶೇ 10. ಉಳಿದದ್ದು ರಾಜ್ಯ ಮತ್ತು ಪಾಲಿಕೆ. ಆಗ ಪಾಲಿಕೆಯೂ ಕೆಲವು ಕಡೆ ಮನೆ ಕಟ್ಟಿಸಿತು, ಸ್ಲಂ ಬೋರ್ಡೂ ಕಟ್ಟಿಸಿತು. ಆ ಯೋಜನೆಯ ತಾಪತ್ರಯ ಬೇರೆ. ನಾಲ್ಕು ಕಂತು, ಪ್ರತಿ ಕಂತಿಗೂ ಸುಧಾರಣೆ ಮಾಡಿದ್ದೀರಾ ಅಂತ ಪ್ರಶ್ನೆ. ಆಸ್ತಿ ತೆರಿಗೆ ಸರಿ ಮಾಡಿದಿರಾ, ಬಡವರಿಗೆ ಜಾಗ ಮೀಸಲಿಟ್ಟಿರಾ ಅಂತ. ಎಸ್ಟಿಮೇಟ್ ಮೀರಿ ಹೋದ ಖರ್ಚು ರಾಜ್ಯದ ತಲೆ ಮೇಲೆ. ಆದರೂ ಶುರುವಿನಲ್ಲಿ ಅರ್ಧ ಭಾರ ದಿಲ್ಲಿ ಹೊರುತ್ತದೆ ಅನ್ನುವ ಭರವಸೆ ಇತ್ತು.

2015ರ ಜೂನ್ 25ರಂದು ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ ಶುರುವಾಯಿತು. ಶೇಕಡಾ ಲೆಕ್ಕ ಹೋಯಿತು, ತಲೆಗಿಷ್ಟು ಲೆಕ್ಕ ಬಂತು. ಸರ್ಕಾರಿ ಸಂಸ್ಥೆ ಕಟ್ಟಿಸುವ ಬಡವರ ಮನೆಗೆ ಒಂದೂವರೆ ಲಕ್ಷ. ತನ್ನ ಜಾಗದಲ್ಲಿ ತಾನೇ ಕಟ್ಟಿಕೊಳ್ಳುವವರಿಗೂ ಒಂದೂವರೆ ಲಕ್ಷ. ಖಾಸಗಿಯವರನ್ನು ಸೇರಿಸಿಕೊಂಡು ಸ್ಲಂ ಇದ್ದಲ್ಲೇ ಕಟ್ಟಿದರೆ ಒಂದು ಲಕ್ಷ. ಮನೆಯ ಕಾರ್ಪೆಟ್ ಏರಿಯಾ (ಗೋಡೆಯೊಳಗಿನ ಜಾಗ) 30 ಚದರ ಮೀಟರ್‌ವರೆಗೆ, ಅಂದರೆ ಸುಮಾರು 323 ಚದರಡಿ. ನಮ್ಮ ಟ್ವೆಂಟಿ ಥರ್ಟಿ ಸೈಟಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಕುಟುಂಬದ ವರ್ಷದ ಆದಾಯ ಮೂರು ಲಕ್ಷದೊಳಗೆ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಮನೆ ಹೆಂಗಸಿನ ಹೆಸರಲ್ಲಿ ಅಥವಾ ಜಂಟಿಯಾಗಿ ಇರಬೇಕು.

ನಿಮ್ಮದು ಮೊದಲನೇ ಬಗೆ ಅಂತ ಇಟ್ಟುಕೊಳ್ಳೋಣ. ಒಂದು ಮನೆಗೆ ಏಳೂವರೆ ಲಕ್ಷ ಖರ್ಚು, 250 ಮನೆ ಅಂದುಕೊಳ್ಳಿ. ಒಟ್ಟು 18 ಕೋಟಿ 75 ಲಕ್ಷ. ಕೇಂದ್ರದ ಪಾಲು 3 ಕೋಟಿ 75 ಲಕ್ಷ. ಅಂದರೆ ಐದರಲ್ಲಿ ಒಂದು ಪಾಲು. ಅದೂ ಒಟ್ಟಿಗೆ ಬರುವುದಿಲ್ಲ. ಶೇ 40, ಶೇ 40, ಶೇ 20, ಹೀಗೆ ಮೂರು ಕಂತು. ಮೊದಲ ಕಂತಿನಲ್ಲಿ ಮನೆಗೆ 60 ಸಾವಿರ. ನಿಮ್ಮ ಡಿಡಿಯಷ್ಟೇ, ನೋಡಿ! 250 ಮನೆಗೆ ಒಂದೂವರೆ ಕೋಟಿ. ಒಟ್ಟು ಖರ್ಚಿನ ಶೇ 8. ಈ ದುಡ್ಡಿನಲ್ಲಿ ಪಾಯ ತೋಡಿ ಪಿಲ್ಲರ್ ಎತ್ತಿದರೆ ಹೆಚ್ಚು.

ಮುಂದಿನ ಕಂತು ಬೇಕು ಅಂದರೆ ಬಳಕೆ ಪ್ರಮಾಣಪತ್ರ ಕಳಿಸಬೇಕು. ಇದುವರೆಗೆ ಬಂದ ದುಡ್ಡಿನಲ್ಲಿ ಶೇ 70 ಖರ್ಚಾಗಿದೆ, ಕೆಲಸವೂ ಅಷ್ಟೇ ಎದ್ದಿದೆ ಅಂತ ತೋರಿಸಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಆ ಶೇ 70ರಲ್ಲಿ ಕೇಂದ್ರದ ಕಂತು ಮಾತ್ರ ಸೇರುವುದಿಲ್ಲ, ರಾಜ್ಯದ ಪಾಲೂ ಸೇರುತ್ತದೆ. ಫಲಾನುಭವಿಯ ವಂತಿಗೆ ಬಾರದಿದ್ದರೆ ಕೆಲಸ ಏಳುವುದಿಲ್ಲ. ಕೆಲಸ ಏಳದಿದ್ದರೆ ಎರಡನೇ ಕಂತು ಬರುವುದಿಲ್ಲ. ಕೊನೆಯ ಶೇ 20 ಬರುವುದು ಮನೆ ಮುಗಿದ ಮೇಲೆ. ಹಾಗಾಗಿ ಆ ಕೊನೆಯ ಕಂತನ್ನು ನಂಬಿಕೊಂಡು ಮನೆ ಮುಗಿಸುವ ಹಾಗೂ ಇಲ್ಲ. ಯಾರಾದರೂ ಮೊದಲು ತಮ್ಮ ಕೈಯಿಂದ ಹಾಕಿರಬೇಕು.

ಯಾರು ಹಾಕಬೇಕು? ಮತ್ತೆ ಲೆಕ್ಕ. ಕೇಂದ್ರದ್ದು ಒಂದೂವರೆ ಲಕ್ಷ ಆಯಿತು. ರಾಜ್ಯ ಎರಡು ಲಕ್ಷ ಹಾಕಿತು ಅಂದುಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಸಹಾಯಧನ ಜಾಸ್ತಿ, ಬೇರೆಯವರಿಗೆ ಕಡಿಮೆ. ಇದು ನಾನು ಲೆಕ್ಕಕ್ಕೆ ಹಿಡಿದ ಅಂಕಿ ಅಷ್ಟೆ. ಉಳಿದದ್ದು ನಾಲ್ಕು ಲಕ್ಷ. ಅದಕ್ಕೇ ‘ಫಲಾನುಭವಿ ವಂತಿಗೆ ಮತ್ತು ಬ್ಯಾಂಕ್ ಸಾಲ’ ಅಂತ ಡಿಪಿಆರ್‌ನಲ್ಲಿ, ಅಂದರೆ ಯೋಜನೆಯ ವಿವರವಾದ ವರದಿಯಲ್ಲಿ, ಬರೆದಿರುತ್ತಾರೆ. ಬರೆಯುವಾಗ ಆ ಸಾಲು ಒಂದೇ ಸಾಲು. ಆದರೆ ಯೋಜನೆಯ ಅರ್ಧಕ್ಕಿಂತ ಜಾಸ್ತಿ ದುಡ್ಡು ಅದರಲ್ಲೇ ಇದೆ. 250 ಮನೆಗೆ ಹತ್ತು ಕೋಟಿ.

ಈ ಹತ್ತು ಕೋಟಿ ಎಲ್ಲಿಂದ ಬರಬೇಕು? ಮನೆಗೆಲಸಕ್ಕೆ ಹೋಗುವವರು, ಗಾರೆ ಕೆಲಸದವರು, ಆಟೋ ಓಡಿಸುವವರು, ಪೌರಕಾರ್ಮಿಕರು ಕೊಡಬೇಕು. ಕೈಯಲ್ಲಿ ಇಲ್ಲದಿದ್ದರೆ ಬ್ಯಾಂಕಿಗೆ ಹೋಗಬೇಕು. ಬ್ಯಾಂಕಿನವರು ಮನೆಯ ಕಾಗದ ಕೇಳುತ್ತಾರೆ. ಕಾಗದ ಮನೆ ಮುಗಿದ ಮೇಲೆ ಕೊಡುತ್ತಾರೆ. ಮನೆ ದುಡ್ಡು ಬಂದ ಮೇಲೆ ಮುಗಿಯುತ್ತದೆ. ಒಮ್ಮೆ ನಮ್ಮ ಸಂಸ್ಥೆಯಿಂದಲೇ ಒಂದು ಸ್ಲಂನವರನ್ನು ಕರೆದುಕೊಂಡು ಸಾಲ ಮೇಳಕ್ಕೆ ಹೋಗಿದ್ದೆವು. ಶಾಮಿಯಾನ, ಕಾಫಿ, ಬೋಂಡಾ ಎಲ್ಲ ಇತ್ತು. ಸಂಜೆವರೆಗೆ ಕೂತು ಅರ್ಜಿ ತುಂಬಿಸಿದೆವು. ಮ್ಯಾನೇಜರ್ ಒಳ್ಳೆಯ ಮನುಷ್ಯರೇ. ‘ಸಂಬಳದ ಚೀಟಿ ಇಲ್ಲ, ಹಕ್ಕುಪತ್ರ ಇಲ್ಲ, ನಾನು ಏನಂತ ಬರೆದು ಮೇಲಕ್ಕೆ ಕಳಿಸಲಿ ಸಾರ್’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅರ್ಜಿಗಳ ಕಟ್ಟು ಆ ಶಾಖೆಯ ಬೀರುವಿನಲ್ಲೇ ಉಳಿಯಿತು.

ಕೇಂದ್ರದ ದುಡ್ಡಿನ ಅರ್ಧ ದಾರಿಯನ್ನು ಮಾತ್ರ ಜನ ನೋಡುತ್ತಾರೆ. ಅದೇ ಯೋಜನೆಯಲ್ಲಿ ಇನ್ನೊಂದು ದಾರಿ ಇತ್ತು, ಗೃಹಸಾಲದ ಬಡ್ಡಿ ಸಹಾಯಧನ. ವರ್ಷಕ್ಕೆ ಆರು ಲಕ್ಷದೊಳಗೆ ಆದಾಯ ಇದ್ದವರಿಗೆ ಆರು ಲಕ್ಷದವರೆಗಿನ ಸಾಲಕ್ಕೆ ಶೇ 6.5 ಬಡ್ಡಿ ರಿಯಾಯಿತಿ. ಮೊತ್ತ ಹೆಚ್ಚೆಂದರೆ 2 ಲಕ್ಷ 67 ಸಾವಿರ. ವರ್ಷಕ್ಕೆ 18 ಲಕ್ಷ ಆದಾಯ ಇದ್ದವರಿಗೂ ಸ್ವಲ್ಪ ದಿನ ಈ ಸೌಲಭ್ಯ ಇತ್ತು. ಈ ದುಡ್ಡು ರಾಜ್ಯದ ಖಜಾನೆಗೆ ಬರಲಿಲ್ಲ, ಪಾಲಿಕೆಗೂ ಬರಲಿಲ್ಲ. ರಾಷ್ಟ್ರೀಯ ವಸತಿ ಬ್ಯಾಂಕ್, ಕೇಂದ್ರದ್ದೇ ವಸತಿ ಸಾಲ ಸಂಸ್ಥೆ ಹುಡ್ಕೊ ಮೂಲಕ ಬ್ಯಾಂಕಿಗೆ ಹೋಗಿ ನೇರ ಸಾಲದ ಖಾತೆಗೆ ಬಿತ್ತು. ಯಾವ ಡಿಡಿ, ಯಾವ ಬಳಕೆ ಪ್ರಮಾಣಪತ್ರ, ಯಾವ ಅಲೆದಾಟವೂ ಇಲ್ಲ. ವೈಟ್‌ಫೀಲ್ಡ್ ಕಡೆ ಫ್ಲ್ಯಾಟ್ ತೆಗೆದುಕೊಂಡ ನನ್ನ ತಮ್ಮನ ಮಗನಿಗೆ ಮೊಬೈಲ್‌ಗೆ ಮೆಸೇಜ್ ಬಂದಾಗಲೇ ಗೊತ್ತಾದದ್ದು. ಸಂಬಳದ ಚೀಟಿ ಇದ್ದವರಿಗೆ ದಿಲ್ಲಿ ಹತ್ತಿರ, ಇಲ್ಲದವರಿಗೆ ದೂರ. ಇದು ನನ್ನ ಅಭಿಪ್ರಾಯ, ಒಪ್ಪದವರು ಇರಬಹುದು. 2022ರ ಮಾರ್ಚ್‌ಗೆ ಆ ರಿಯಾಯಿತಿ ಮುಗಿಯಿತು.

ಕೇಂದ್ರಕ್ಕೆ ಈ ದುಡ್ಡು ಎಲ್ಲಿಂದ ಬರುತ್ತದೆ ಅಂತಲೂ ಕೆಲವರು ಕೇಳುತ್ತಾರೆ. ಬಜೆಟ್‌ನಿಂದ ಬರುತ್ತದೆ. ಅದು ಸಾಲದೆ 2018ರಲ್ಲಿ ರಾಷ್ಟ್ರೀಯ ನಗರ ವಸತಿ ನಿಧಿ ಅಂತ ಮಾಡಿ 60 ಸಾವಿರ ಕೋಟಿವರೆಗೆ ಬಜೆಟ್ಟಿನ ಹೊರಗೆ ಸಾಲ ಎತ್ತಲು ಸಂಪುಟ ಒಪ್ಪಿತು. ನೀವೂ ಸಾಲ, ರಾಜ್ಯವೂ ಸಾಲ, ಕೇಂದ್ರವೂ ಸಾಲ. ಇರಲಿ.

ಇನ್ನು ಜಿಎಸ್‌ಟಿ ಜಗಳ. ನೀವು ಭಾಷಣಗಳಲ್ಲಿ ಕೇಳಿರುತ್ತೀರಿ. ಕೇಂದ್ರ ಒಂದೂವರೆ ಲಕ್ಷ ಕೊಟ್ಟು, ಮನೆಯ ಮೇಲೆ ಶೇ 18 ಜಿಎಸ್‌ಟಿ ಹಾಕಿ ಹೆಚ್ಚುಕಮ್ಮಿ ಅಷ್ಟನ್ನೂ ವಾಪಸ್ ತೆಗೆದುಕೊಳ್ಳುತ್ತದೆ ಅಂತ ಮುಖ್ಯಮಂತ್ರಿಯಾಗಿ ಸಿದ್ದರಾಮಯ್ಯ ಹೇಳಿದ್ದರು. ಲೆಕ್ಕ ಸುಳ್ಳಲ್ಲ. ಸರ್ಕಾರಿ ಕಾಮಗಾರಿ ಗುತ್ತಿಗೆಯ ಮೇಲೆ ಶೇ 12 ಇದ್ದದ್ದು 2022ರ ಜುಲೈನಿಂದ ಶೇ 18 ಆಯಿತು. ಏಳೂವರೆ ಲಕ್ಷಕ್ಕೆ ಶೇ 18 ಅಂದರೆ 1 ಲಕ್ಷ 35 ಸಾವಿರ. ಆದರೆ ಆ ಜಿಎಸ್‌ಟಿಯಲ್ಲಿ ಅರ್ಧ ರಾಜ್ಯದ ಜಿಎಸ್‌ಟಿ. ಅದು ಬೆಂಗಳೂರಿನ ಖಜಾನೆಗೇ ಬರುತ್ತದೆ. ವೇದಿಕೆ ಮೇಲೆ ಅದನ್ನು ಯಾರೂ ಹೇಳುವುದಿಲ್ಲ. ಬಡವರ ಮನೆಯ ಮೇಲಿನ ತೆರಿಗೆಯನ್ನು ಇಬ್ಬರೂ ಸೇರಿ ಬಿಟ್ಟುಕೊಟ್ಟರೆ ನಿಮ್ಮ ನಾಲ್ಕು ಲಕ್ಷದಲ್ಲಿ ಮೂರರಲ್ಲಿ ಒಂದು ಪಾಲು ಕರಗುತ್ತದೆ.

ವಂತಿಗೆ ಬಾರದೆ ಸಾವಿರಾರು ಮನೆ ನಿಂತಾಗ ರಾಜ್ಯ ಸರ್ಕಾರ 2023ರ ಕೊನೆಯಲ್ಲಿ ಫಲಾನುಭವಿಗಳ ಪಾಲಿನ ದೊಡ್ಡ ಭಾಗವನ್ನು ತಾನೇ ಕೊಡುವ ತೀರ್ಮಾನ ಮಾಡಿತು. ಆಮೇಲೆ ಒಂದಷ್ಟು ಕಟ್ಟಡಗಳು ಮೇಲೆದ್ದವು, ಹಂಚಿಕೆಯೂ ಆಯಿತು. ನಿಮ್ಮ ಕಟ್ಟಡ ಆ ತೀರ್ಮಾನದ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅನ್ನುವುದೇ ನಿಮಗೆ ಈಗ ಬೇಕಾದ ಮಾಹಿತಿ. ಅದನ್ನು ಹೇಗೆ ಕೇಳಬೇಕು ಅಂತ ಕೊನೆಯಲ್ಲಿ ಹೇಳುತ್ತೇನೆ.

ನೀವು ಕೇಳದೆ ಇರುವ ಒಂದು ಲೆಕ್ಕ ನಾನೇ ಹೇಳಿಬಿಡುತ್ತೇನೆ. ತಿಂಗಳಿಗೆ ಆರು ಸಾವಿರ, ನಾಲ್ಕು ವರ್ಷ. 2 ಲಕ್ಷ 88 ಸಾವಿರ ಆಯಿತು. ದಿಲ್ಲಿ ನಿಮ್ಮ ಮನೆಗೆ ಕೊಡುವ ಒಂದೂವರೆ ಲಕ್ಷದ ಹತ್ತಿರ ಹತ್ತಿರ ಎರಡರಷ್ಟನ್ನು ನೀವು ಆಗಲೇ ಬಾಡಿಗೆಗೆ ಕಟ್ಟಿದ್ದೀರಿ. ಆ ಒಂದೂವರೆ ಲಕ್ಷ ಕಟ್ಟಡದ ದುಡ್ಡು. ಮನೆ ಏಳುವವರೆಗಿನ ಬಾಡಿಗೆಗೆ ಅದರಲ್ಲಿ ಒಂದು ಪೈಸೆ ಇಲ್ಲ. ಜಾಗದ ಬೆಲೆಯೂ ಅದರಲ್ಲಿ ಇಲ್ಲ. ಬೆಂಗಳೂರಿನಲ್ಲಿ ಮನೆಗಿಂತ ಜಾಗಕ್ಕೆ ಬೆಲೆ ಜಾಸ್ತಿ, ಅಲ್ವಾ? ಅದಕ್ಕೇ ಹೊಸ ಯೋಜನೆ ಬಂದಾಗಲೆಲ್ಲ ಸರ್ಕಾರಿ ಜಾಗ ಸಿಗುವ ಊರಾಚೆಗೆ ಮನೆಗಳು ಹೋಗುತ್ತವೆ. ನಿಮ್ಮದು ಇದ್ದಲ್ಲೇ ಆಗುತ್ತಿದೆ. ತಡವಾದರೂ ಅದು ನಿಮ್ಮ ಅದೃಷ್ಟ. ಆ ಜಾಗ ಬಿಟ್ಟುಕೊಡಬೇಡಿ.

ಲಂಡನ್ ವಿಷಯಕ್ಕೆ ಬರೋಣ. ನಿಮ್ಮ ಅಕ್ಕನ ಮಗ ಹೇಳಿದ್ದು ನಿಜ. ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್ ತನ್ನ ಮನೆಗಳ ಬಾಡಿಗೆಯನ್ನು ಹೌಸಿಂಗ್ ರೆವೆನ್ಯೂ ಅಕೌಂಟ್ ಅನ್ನುವ ಬೇರೆ ಖಾತೆಯಲ್ಲಿ ಇಡುತ್ತದೆ. ಆ ದುಡ್ಡನ್ನು ರಸ್ತೆಗೋ ಕಸಕ್ಕೋ ತೆಗೆಯುವ ಹಾಗಿಲ್ಲ. ಮೊದಲು ಕೇಂದ್ರ ಸರ್ಕಾರವೇ ಜಾಸ್ತಿ ಬಾಡಿಗೆ ಬರುವ ಕೌನ್ಸಿಲ್‌ನಿಂದ ತೆಗೆದು ಕಡಿಮೆ ಇದ್ದ ಕಡೆ ಹಂಚುತ್ತಿತ್ತು. 2012ರ ಏಪ್ರಿಲ್‌ನಿಂದ ಅದು ನಿಂತಿತು. ಹಳೆಯ ಸಾಲವನ್ನು ಒಂದು ಸಲ ಹಂಚಿ, ಇನ್ನು ನಿಮ್ಮ ಬಾಡಿಗೆ ನಿಮ್ಮದು, ನಿಮ್ಮ ರಿಪೇರಿ ನಿಮ್ಮದು ಅಂದರು. ಆಗ ಸಾಲಕ್ಕೆ ಒಂದು ಮಿತಿ ಇತ್ತು. 2018ರ ಅಕ್ಟೋಬರ್‌ನಲ್ಲಿ ಆ ಮಿತಿಯನ್ನೂ ತೆಗೆದರು. ಈಗ ಕೌನ್ಸಿಲ್ ಬಾಡಿಗೆಯ ಆಧಾರದ ಮೇಲೆ ಪಬ್ಲಿಕ್ ವರ್ಕ್ಸ್ ಲೋನ್ ಬೋರ್ಡ್ ಹೆಸರಿನ ಸಾಲ ತರುತ್ತದೆ. ಅದು ಸರ್ಕಾರದ್ದೇ ಸಾಲ, ಬಡ್ಡಿ ಕಡಿಮೆ. ಅದರ ಮೇಲೆ ಸ್ವಲ್ಪ ಅನುದಾನವೂ ಸಿಗುತ್ತದೆ.

ಹಾಗಂತ ಅಲ್ಲಿಯೂ ಕೇಂದ್ರದ ಕೈ ದೂರ ಇಲ್ಲ. 2016ರಿಂದ ನಾಲ್ಕು ವರ್ಷ ಬಾಡಿಗೆಯನ್ನು ವರ್ಷಕ್ಕೆ ಶೇ 1 ಇಳಿಸಲೇಬೇಕು ಅಂತ ಕಾನೂನು ಮಾಡಿದರು. ಬಾಡಿಗೆದಾರರಿಗೆ ಖುಷಿ, ಕೌನ್ಸಿಲ್‌ಗಳ ಮೂವತ್ತು ವರ್ಷದ ಲೆಕ್ಕ ತಲೆಕೆಳಗು. 1980ರ ಕಾಯ್ದೆಯಿಂದ ಬಾಡಿಗೆದಾರರಿಗೆ ಅದೇ ಮನೆಯನ್ನು ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಬಂತು. ಮಾರಿಹೋದ ಮನೆಗಳ ಜಾಗಕ್ಕೆ ಅಷ್ಟೇ ಹೊಸ ಮನೆ ಬರಲಿಲ್ಲ. ಲಂಡನ್ನಿನಲ್ಲಿ ಕೌನ್ಸಿಲ್ ಮನೆಗೆ ಕಾಯುವ ಸಾಲು ಉದ್ದವಾಗಿಯೇ ಇದೆ. ನಿಮ್ಮ ಹುಡುಗನನ್ನೇ ಕೇಳಿ ನೋಡಿ.

ನಮ್ಮಲ್ಲಿ ಯಾಕಿಲ್ಲ ಅಂದರೆ, ನಾವು ಮನೆಯನ್ನು ಬಾಡಿಗೆಗೆ ಕೊಡುವುದಿಲ್ಲ, ಕೊಟ್ಟೇಬಿಡುತ್ತೇವೆ. ಹಕ್ಕುಪತ್ರ ಕೈಗೆ ಬಂದರೆ ಮನೆ ನಿಮ್ಮದು. ಜನರಿಗೂ ಅದೇ ಬೇಕು. ನಾನೂ ಬೇಡ ಅನ್ನುವುದಿಲ್ಲ. ಬಾಡಿಗೆ ಮನೆಯವರನ್ನು ಒಂದು ನೋಟಿಸಿನಲ್ಲಿ ಎಬ್ಬಿಸಿದ್ದನ್ನು ನೋಡಿದ ಊರು ಇದು. ಆದರೆ ಬಾಡಿಗೆ ಇಲ್ಲ ಅಂದಮೇಲೆ ಪಾಲಿಕೆಗೆ ಆ ಮನೆಯಿಂದ ಆದಾಯ ಇಲ್ಲ. ಆದಾಯ ಇಲ್ಲದೆ ಸಾಲ ಕೊಡುವವರು ಇಲ್ಲ. ಬೆಂಗಳೂರು ಪಾಲಿಕೆಗೆ ಸಾಲ ಎತ್ತಲು ಬರುವುದೇ ಇಲ್ಲ ಅಂತ ತಿಳಿಯಬೇಡಿ. 1997ರಲ್ಲಿ 125 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿತ್ತು. ದೇಶದಲ್ಲೇ ಮೊದಲ ಪಾಲಿಕೆ ಬಾಂಡ್ ಅದು. ರಾಜ್ಯದ ಗ್ಯಾರಂಟಿ ಇತ್ತು. ಆ ದುಡ್ಡು ಹೋದದ್ದು ರಸ್ತೆ ಮತ್ತು ಚರಂಡಿಗೆ. ಮನೆಗಾಗಿ ಸಾಲ ಎತ್ತುವುದು ಹೆಚ್ಚಾಗಿ ರಾಜ್ಯದ ಸಂಸ್ಥೆಗಳು. 1970ರಿಂದ ಇರುವ ಹುಡ್ಕೊ ಅದಕ್ಕೆ ಸಾಲ ಕೊಡುತ್ತದೆ. ರಾಜ್ಯ ಜಾಮೀನು ನಿಲ್ಲುತ್ತದೆ. ತೀರಿಸುವುದೂ ಕೊನೆಗೆ ರಾಜ್ಯದ ಬಜೆಟ್ಟಿನಿಂದಲೇ.

ಬಾಡಿಗೆ ಇಲ್ಲದಿರುವುದರ ಇನ್ನೊಂದು ಫಲ ರಿಪೇರಿಗೆ ದುಡ್ಡಿಲ್ಲದಿರುವುದು. ಕೇಂದ್ರದ ಲೆಕ್ಕದಲ್ಲಿ ಮನೆ ಕಟ್ಟುವವರೆಗೆ ಮಾತ್ರ ದುಡ್ಡಿದೆ. ಸಂಪ್ ತೊಳೆಯುವುದು, ಮೋಟಾರ್ ಸುಟ್ಟರೆ ಸುತ್ತಿಸುವುದು, ಮೇಲಿನ ಟ್ಯಾಂಕ್ ಸೋರಿದರೆ ನೋಡುವುದು ಯಾರು? ಬೆಂಗಳೂರಿನ ಈಜಿಪುರದಲ್ಲಿ ಬಡವರಿಗೆ ಅಂತ ಇದ್ದ ಇಡಬ್ಲ್ಯೂಎಸ್ ಕ್ವಾರ್ಟರ್ಸ್ ಪಾಲಿಕೆಯೇ ಕಟ್ಟಿಸಿದ್ದು. ಕಟ್ಟಡಗಳು ಶಿಥಿಲವಾದವು, ಕೆಲವು ಕುಸಿದವು. ಖಾಸಗಿಯವರ ಜೊತೆ ಸೇರಿ ಅರ್ಧ ಜಾಗದಲ್ಲಿ ಮನೆ, ಇನ್ನರ್ಧದಲ್ಲಿ ಮಾಲ್ ಅಂತ ಯೋಜನೆ ಮಾಡಿದರು. 2013ರ ಜನವರಿಯ ಚಳಿಯಲ್ಲಿ ಅಲ್ಲಿದ್ದವರನ್ನು ತೆರವು ಮಾಡಿದರು. ಪಾಲಿಕೆಗೆ ಸ್ವಂತ ವಸತಿ ಖಾತೆ ಅಂತ ಒಂದು ಇದ್ದಿದ್ದರೆ, ರಿಪೇರಿಗೆ ವರ್ಷ ವರ್ಷ ದುಡ್ಡು ತೆಗೆದಿಟ್ಟಿದ್ದರೆ ಅಲ್ಲಿಗೆ ಹೋಗುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಮನೆ ಮುಗಿದ ಮೇಲೆ ಇಡೀ ಕಟ್ಟಡದವರು ಸೇರಿ ಒಂದು ಸಂಘ ಮಾಡಿಕೊಳ್ಳಿ. ತಿಂಗಳಿಗೆ ಇನ್ನೂರೋ ಮುನ್ನೂರೋ ಎತ್ತಿಡಿ. ಇದನ್ನು ಯಾವ ಇಲಾಖೆಯೂ ಹೇಳಿಕೊಡುವುದಿಲ್ಲ.

ಹೊಸ ಯೋಜನೆ ಬಂದಿದೆಯಲ್ಲ ಅಂತ ನಿಮ್ಮ ಪಕ್ಕದ ಮನೆಯವರು ಹೇಳಬಹುದು. ಹೌದು, 2024ರ ಸೆಪ್ಟೆಂಬರ್ 1ರಿಂದ ಅದೇ ಆವಾಸ್ ಯೋಜನೆಯ ಎರಡನೇ ಹಂತ, ಪಿಎಂಎವೈ ನಗರ 2.0 ಇದೆ. ಒಂದು ಕೋಟಿ ಕುಟುಂಬಗಳ ಗುರಿ. ನಮ್ಮಂಥ ರಾಜ್ಯಗಳಿಗೆ ಮನೆಗೆ ಕೇಂದ್ರದ ಪಾಲು ಈಗಲೂ ಅದೇ ಒಂದೂವರೆ ಲಕ್ಷ. 2015ರಲ್ಲಿ ಸಿಮೆಂಟ್ ಮೂಟೆಗೆ, ಗಾರೆಯವರ ಕೂಲಿಗೆ ಎಷ್ಟು ಕೊಡುತ್ತಿದ್ದಿರಿ, ಈಗ ಎಷ್ಟು ಕೊಡುತ್ತೀರಿ ಅಂತ ನೀವೇ ಲೆಕ್ಕ ಹಾಕಿ. ಬದಲಾದದ್ದು ಇಷ್ಟು: ರಾಜ್ಯ ಕನಿಷ್ಠ ಒಂದು ಲಕ್ಷ ಹಾಕಲೇಬೇಕು ಅಂತ ಈಗ ಬರೆದಿದ್ದಾರೆ. ಬಡ್ಡಿ ರಿಯಾಯಿತಿ ಮತ್ತೆ ಬಂದಿದೆ. 35 ಲಕ್ಷದೊಳಗಿನ ಮನೆಗೆ, 25 ಲಕ್ಷದವರೆಗಿನ ಸಾಲದಲ್ಲಿ ಮೊದಲ ಎಂಟು ಲಕ್ಷಕ್ಕೆ ಶೇ 4. ಒಟ್ಟು 1 ಲಕ್ಷ 80 ಸಾವಿರದವರೆಗೆ, ಐದು ವರ್ಷದ ಕಂತಿನಲ್ಲಿ. ನೀವು ಹಳೆಯ ಯೋಜನೆಯಲ್ಲಿ ಸೇರಿರುವವರು. ಅದನ್ನು ಬಿಟ್ಟು ಇದಕ್ಕೆ ಅರ್ಜಿ ಹಾಕಿಸುತ್ತೇನೆ ಅಂತ ಯಾರಾದರೂ ಬಂದು ದುಡ್ಡು ಕೇಳಿದರೆ ಸುಮ್ನೆ ವಾಪಸ್ ಕಳಿಸಿ.

ಈಗ ಮಾಡಬೇಕಾದ ಕೆಲಸ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಮನೆ ಕಟ್ಟಿಸುತ್ತಿರುವ ಸಂಸ್ಥೆಯ ಮಾಹಿತಿ ಅಧಿಕಾರಿಗೆ ಬರೆಯಬೇಕು, ಪಾಲಿಕೆಗೆ ಅಲ್ಲ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಕಷ್ಟಸುಖ ಬರೆಯಲು ಹೋಗಬೇಡಿ, ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಕೇಳಬೇಕಾದದ್ದು ಇಷ್ಟೇ: ನಮ್ಮ ಸ್ಲಂನ ಯೋಜನೆಗೆ ಕೇಂದ್ರದ ಒಪ್ಪಿಗೆ ಯಾವ ದಿನ ಸಿಕ್ಕಿತು? ಮನೆಗೆ ಎಷ್ಟು ವೆಚ್ಚ ಅಂತ ಡಿಪಿಆರ್‌ನಲ್ಲಿದೆ? ಕೇಂದ್ರದ ಎಷ್ಟು ಕಂತು, ಯಾವ ದಿನ, ಎಷ್ಟು ಮೊತ್ತ ಬಂತು? ರಾಜ್ಯದ್ದು ಎಷ್ಟು? ಕೊನೆಯ ಬಳಕೆ ಪ್ರಮಾಣಪತ್ರ ಕಳಿಸಿದ ದಿನ ಯಾವುದು, ಅದರ ಪ್ರತಿ ಕೊಡಿ. ಫಲಾನುಭವಿ ವಂತಿಗೆಯಲ್ಲಿ ಈಗ ಬಾಕಿ ಎಷ್ಟು, ಅದನ್ನು ಸರ್ಕಾರ ಭರಿಸುವ ಪಟ್ಟಿಯಲ್ಲಿ ನಮ್ಮ ಯೋಜನೆ ಇದೆಯಾ? ಇಷ್ಟು ಕೇಳಿದರೆ ದುಡ್ಡು ಎಲ್ಲಿ ನಿಂತಿದೆ ಅಂತ ಉತ್ತರದಲ್ಲೇ ಗೊತ್ತಾಗುತ್ತದೆ. ಬಳಕೆ ಪ್ರಮಾಣಪತ್ರವೇ ಹೋಗಿಲ್ಲ ಅಂದರೆ ತಪ್ಪು ಇಲ್ಲಿಯದು. ಹೋಗಿ ತಿಂಗಳುಗಟ್ಟಲೆ ಆಗಿದ್ದರೆ ದಿಲ್ಲಿಯದು. ಆ ಕಾಗದ ಹಿಡಿದುಕೊಂಡು ಶಾಸಕರ ಹತ್ತಿರ ಹೋಗಿ. ಕಾರ್ಪೊರೇಟರ್ ಆಗಿದ್ದವರನ್ನು ಕೇಳಿ ಪ್ರಯೋಜನ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಅವರ ಅವಧಿ ಮುಗಿದು ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ಇದ್ದರು. ಅವಧಿ ಇದ್ದಾಗಲೂ ಈ ದುಡ್ಡು ಅವರ ಕೈಯಲ್ಲಿ ಹಾದುಹೋಗುತ್ತಿರಲಿಲ್ಲ.

ಇನ್ನೊಂದು ಮಾತು. ಆ ಅರವತ್ತು ಸಾವಿರದ ಡಿಡಿಯ ಜೆರಾಕ್ಸ್ ಮಾತ್ರ ಇದ್ದರೆ ಸಾಲದು. ಕಚೇರಿಯ ಸೀಲು ಬಿದ್ದ ರಸೀದಿ ಬೇಕು. ಇಲ್ಲದಿದ್ದರೆ ಡಿಡಿ ಮಾಡಿಸಿದ ಬ್ಯಾಂಕಿಗೆ ಹೋಗಿ, ಅದು ಯಾವ ದಿನ ಯಾರ ಖಾತೆಗೆ ಜಮಾ ಆಯಿತು ಅಂತ ಬರೆಸಿಕೊಂಡು ಬನ್ನಿ. ಮನೆ ಹಂಚುವ ದಿನ ಮೊದಲು ಕೇಳುವುದು ಅದನ್ನೇ.